ತಲೆ ಎಣಿಸಿ ಹಂಚುವ ಹಕ್ಕಲ್ಲ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆ ಕಂಡುಕೊಂಡ ಹೊರನಾಡ ಕನ್ನಡಿಗರಾದ ನಮಗೆ ಸಂವಿಧಾನ ಹೊಸದಲ್ಲ. ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕನ್ನು 19ನೇ ವಿಧಿ, ಭಾಷೆಯನ್ನು ಉಳಿಸಿಕೊಳ್ಳುವ ಹಕ್ಕನ್ನು 29ನೇ ವಿಧಿ, ಶಾಲೆ ನಡೆಸುವ ಹಕ್ಕನ್ನು 30ನೇ ವಿಧಿ ನಮಗೆ ನೀಡಿವೆ. ಕನ್ನಡ ಶಾಲೆಯ ಮಾತು ಬಂದಾಗ ‘ನೀವೆಷ್ಟು ಜನ?’ ಎಂದು ಯಾರಾದರೂ ಕೇಳಿದರೆ ನಮಗೆ ನೋವಾಗುತ್ತದೆ. ಆ ನೋವನ್ನು ಬಲ್ಲ ನಾವೇ ಸಲಿಂಗ ವಿವಾಹದ ಚರ್ಚೆಯಲ್ಲಿ ‘ಅವರೆಷ್ಟು ಮಂದಿ?’ ಎಂದು ಕೇಳಿಬಿಡುವುದು ನನಗೆ ಸರಿಕಾಣದು.

ಈ ಪ್ರಶ್ನೆ ನ್ಯಾಯಾಲಯದಲ್ಲೂ ಎದ್ದಿತ್ತು. 2013ರಲ್ಲಿ ಸುಪ್ರೀಂ ಕೋರ್ಟು ದಂಡಸಂಹಿತೆಯ 377ನೇ ಕಲಮನ್ನು ಎತ್ತಿಹಿಡಿದಾಗ, ಇಂಥವರ ಸಂಖ್ಯೆ ತೀರ ಅಲ್ಪವೆಂಬುದನ್ನೂ ಹೇಳಿತ್ತು. 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರುವಾಗ ಆ ತರ್ಕವನ್ನು ತಳ್ಳಿಹಾಕಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಮರುವರ್ಷವೇ, ವಯಸ್ಕರ ಪರಸ್ಪರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂಬ ತೀರ್ಪು ಬಂದಿತು.

ಮದುವೆಯ ಬಾಗಿಲು ಮಾತ್ರ ತೆರೆಯಲಿಲ್ಲ. ಬೆಂಗಳೂರಿನ ಅಕ್ಕೈ ಪದ್ಮಶಾಲಿಯವರೂ ಸೇರಿದಂತೆ ಹಲವರ ಅರ್ಜಿಗಳನ್ನು ಆಲಿಸಿದ ಐವರು ನ್ಯಾಯಮೂರ್ತಿಗಳು 2023ರ ಅಕ್ಟೋಬರ್ 17ರಂದು, ಮದುವೆ ಮೂಲಭೂತ ಹಕ್ಕಲ್ಲ, ಕಾನೂನು ಮಾಡುವುದು ಸಂಸತ್ತಿನ ಕೆಲಸ ಎಂದರು. ಇಂಥ ಸಹಬಾಳ್ವೆಗೆ ಮನ್ನಣೆ ಬೇಕೆಂದ ಇಬ್ಬರ ಅಭಿಪ್ರಾಯಕ್ಕೆ ಬಹುಮತ ದೊರೆಯಲಿಲ್ಲ. 2025ರ ಜನವರಿಯಲ್ಲಿ ಮರುಪರಿಶೀಲನಾ ಅರ್ಜಿಗಳೂ ವಜಾ ಆದವು.

ಮದುವೆ ಒಂದು ಸಂಸ್ಕಾರ, ಅದನ್ನು ಕೋರ್ಟು ಮುಟ್ಟಬಾರದು ಎನ್ನುವ ಹಿರಿಯರ ಭಾವನೆಯನ್ನು ನಾನು ಗೌರವಿಸುತ್ತೇನೆ. ಆದರೆ ಅರ್ಜಿದಾರರು ಆಶ್ರಯಿಸಿದ್ದ 1954ರ ವಿಶೇಷ ವಿವಾಹ ಕಾಯಿದೆ ಶಾಸ್ತ್ರ ಸಂಪ್ರದಾಯಗಳ ಗೊಡವೆಗೆ ಹೋಗುವುದಿಲ್ಲ. ಧರ್ಮದ ಗೆರೆ ದಾಟಿ ಮದುವೆಯಾಗುವ ನಮ್ಮ ಮಕ್ಕಳಿಗೂ ಅದೇ ಆಸರೆ.

ಜಂಟಿ ಬ್ಯಾಂಕ್ ಖಾತೆ, ಪಡಿತರ ಚೀಟಿಗಳ ವಿಷಯದಲ್ಲಿ ಇಂಥ ಜೋಡಿಗಳಿಗೆ ಅಡ್ಡಿ ಮಾಡಬಾರದೆಂದು ಕೇಂದ್ರ ಸರ್ಕಾರ 2024ರಲ್ಲಿ ಸೂಚಿಸಿದೆ. ಇದು ಸ್ವಾಗತಾರ್ಹ, ಆದರೆ ಸಾಲದು. ಇಪ್ಪತ್ತು ವರ್ಷ ಒಟ್ಟಿಗೆ ದುಡಿದು, ಒಬ್ಬರ ಹೆಸರಿನಲ್ಲಿ ಡೊಂಬಿವಲಿಯಲ್ಲೊಂದು ಮನೆ ಕೊಂಡ ಇಬ್ಬರಲ್ಲಿ, ಆ ಒಬ್ಬರು ಉಯಿಲು ಬರೆಯದೆ ತೀರಿಕೊಂಡರೆ ಉಳಿದವರು ಕಾನೂನಿನ ಕಣ್ಣಿಗೆ ವಾರಸುದಾರರಲ್ಲ. ಅಂಥವರು ನಮ್ಮ ಸಂಘದ ಮನೆಗಳ ಮಕ್ಕಳೇ ಆಗಿರಬಹುದು.

ನಿರ್ಧಾರವಿನ್ನು ಸಂಸತ್ತಿನದು. ಥಾಣೆ, ಕಲ್ಯಾಣ ಕ್ಷೇತ್ರಗಳ ಅಭ್ಯರ್ಥಿಗಳು ಮತ ಕೇಳಲು ಬಂದಾಗ, ನಮ್ಮ ಶಾಲೆಗಳ ಪ್ರಶ್ನೆಯೊಂದಿಗೆ ಈ ಪ್ರಶ್ನೆಯನ್ನೂ ಅವರ ಮುಂದಿಡೋಣ.