ಈ ಬಾಟಲಿ ಯಾವತ್ತು ಓಪನ್ ಮಾಡಿದ್ದು?

ಹೋದ ವರ್ಷ ತಂಗಿಯ ಹೆರಿಗೆಗೆ ಅಂತ ರಜೆ ಹಾಕಿ ಊರ ಕಡೆ ಹೋಗಿದ್ದೆ. ಆಸ್ಪತ್ರೆ ಯಾವುದು ಅನ್ನೋದು ಬೇಡ. ಡ್ರೆಸ್ಸಿಂಗ್ ಟ್ರಾಲಿ ಮೇಲೆ ಕಂದು ಬಣ್ಣದ ಔಷಧಿ ಬಾಟಲಿ, ತಳದಲ್ಲಿ ಒಂದಿಷ್ಟು ಉಳಿದಿತ್ತು. ನರ್ಸ್ ದೊಡ್ಡ ಕ್ಯಾನ್ ತಂದು ಅದರ ಮೇಲೇ ಸುರಿದರು.

"ಬಾಟಲಿ ತೊಳೆಯಲ್ವಾ ಸಿಸ್ಟರ್?"

"ಕ್ರಿಮಿ ಸಾಯಿಸೋ ಔಷಧಿ ಸಾರ್, ಅದಕ್ಕೇನು ತೊಳೆಯೋದು?"

ಈ ನಂಬಿಕೆಯೇ ಅಪಾಯ. ಸೂಡೊಮೊನಾಸ್, ಬರ್ಕೋಲ್ಡೇರಿಯಾದಂಥ ಬ್ಯಾಕ್ಟೀರಿಯಾಗಳು ಆಂಟಿಸೆಪ್ಟಿಕ್ ಒಳಗೂ ಬದುಕಬಲ್ಲವು. ಸೆಟ್ರಿಮೈಡ್ ದ್ರಾವಣದಲ್ಲಿ ಸೂಡೊಮೊನಾಸ್ ಸಿಕ್ಕಿದ್ದನ್ನು ಬ್ರಿಟನ್ನಿನ ಲೋಬರಿ 1951ರಲ್ಲೇ ಬರೆದಿದ್ದರು. 1980ರ ಹೊತ್ತಿಗೆ ಅಮೆರಿಕದಲ್ಲಿ ಪೊವಿಡೋನ್ ಅಯೋಡಿನ್‌ನಲ್ಲೂ ಬ್ಯಾಕ್ಟೀರಿಯಾ ಸಿಕ್ಕಿತು, ಅದೂ ಕಾರ್ಖಾನೆಯಿಂದಲೇ ಬಂದದ್ದು. ಮೊಸರಿನ ಗಡಿಗೆ ತೊಳೆಯದೆ ಹಾಲು ಸುರಿದರೆ ಏನಾಗುತ್ತೆ ಅಂತ ನಮ್ಮವ್ವನಿಗೆ ಗೊತ್ತು. ಬಾಟಲಿ ತಳದಲ್ಲಿ ಉಳಿಯೋದೂ ಹೆಪ್ಪೇ.

2024ರ ನವೆಂಬರ್ ನೆನಪಿದೆಯಲ್ಲ? ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ತೀರಿಕೊಂಡರು. ಅನುಮಾನ ರಿಂಗರ್ ಲ್ಯಾಕ್ಟೇಟ್ ಮೇಲೆ ಬಿತ್ತು. ಅದು ರಕ್ತನಾಳಕ್ಕೆ ಏರಿಸೋ ದ್ರಾವಣ, ಇದು ಚರ್ಮಕ್ಕೆ ಹಚ್ಚೋದು, ಎರಡೂ ಒಂದೇ ಅಲ್ಲ. ಆದರೆ ಅಲ್ಲಿ ಬಾಟಲಿ ಮೇಲೆ ಕಂಪನಿ ಹೆಸರು, ಬ್ಯಾಚ್ ನಂಬರ್ ಇತ್ತು. ಬಳಕೆ ನಿಲ್ಲಿಸೋಕೆ, ಪ್ರಶ್ನೆ ಕೇಳೋಕೆ ದಾರಿ ಇತ್ತು. ಮೂರು ಕ್ಯಾನ್ ಬೆರೆತ ಬಾಟಲಿಯಿಂದ ಸೋಂಕಾದರೆ ಯಾವ ಬ್ಯಾಚ್ ಅಂತ ಹುಡುಕ್ತೀರಿ?

ನಮ್ಮ ಆಫೀಸಲ್ಲಿ ಒಂದು ಬಟನ್ನಿನ ಬಣ್ಣ ಬದಲಿಸೋಕೂ ಇಬ್ಬರ ಅಪ್ರೂವಲ್ ಬೇಕು, ಯಾರು ಯಾವಾಗ ಮಾಡಿದರು ಅಂತ ಲಾಗ್ ಇರುತ್ತೆ. ಹೊಲಿಗೆ ಹಾಕಿದ ಹೊಟ್ಟೆಗೆ ಹಚ್ಚೋ ಔಷಧಿಗೆ ಒಂದು ದಿನಾಂಕವೂ ಬೇಡವಾ?

ನರ್ಸನ್ನು ಬೈತಿಲ್ಲ ಕಣ್ರೀ. ಒಬ್ಬರೇ ಇಡೀ ವಾರ್ಡು ನೋಡ್ತಾರೆ. ದೊಡ್ಡ ಕ್ಯಾನ್ ಅಗ್ಗ ಅಂತ ಖರೀದಿ ಮಾಡಿ, ಬಾಟಲಿ ಲೆಕ್ಕ ಮರೆಯೋ ವ್ಯವಸ್ಥೆಯನ್ನು ಬೈತಿದ್ದೀನಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಿಂದ ಬಂದು ಬೆಂಗಳೂರಲ್ಲಿ ಸಂಬಳ ಎಣಿಸೋ ನಾವು ಊರಿನ ಆಸ್ಪತ್ರೆಗೆ ಹೊಸ ಕಟ್ಟಡ ಕೇಳ್ತೀವಿ, ಸ್ಕ್ಯಾನಿಂಗ್ ಯಂತ್ರ ಕೇಳ್ತೀವಿ. ಮೊದಲು ಇಷ್ಟು ಕೇಳೋಣ: ಸೀಲ್ ಇರೋ ಸಣ್ಣ ಬಾಟಲಿ ಬರಲಿ. ತೆರೆದ ದಿನಾಂಕ ಅದರ ಮೇಲೆ ಬರೀಲಿ. ಉಳಿದದ್ದರ ಮೇಲೆ ಯಾರೂ ಸುರೀಬಾರದು.

ತಂಗಿ, ಮಗು ಆರಾಮಾಗಿದ್ದಾರೆ. ಅದೃಷ್ಟ ಚೆನ್ನಾಗಿತ್ತು, ಅಷ್ಟೇ. ಮುಂದಿನ ಸಲ ಊರಿನ ಆಸ್ಪತ್ರೆಗೆ ಹೋದಾಗ ಹಣ್ಣಿನ ಚೀಲದ ಜೊತೆ ಒಂದು ಮಾರ್ಕರ್ ಪೆನ್ನೂ ಒಯ್ಯಿರಿ. ಟ್ರಾಲಿ ನೋಡಿ, ಮೆಲ್ಲಗೆ ಕೇಳಿ: "ಈ ಬಾಟಲಿ ಯಾವತ್ತು ಓಪನ್ ಮಾಡಿದ್ದು ಸಿಸ್ಟರ್?"