ಗಾಂಧಿಬಜಾರಿನ ಪಂಕ್ತಿ

ಗಾಂಧಿಬಜಾರಿನ ವಿದ್ಯಾರ್ಥಿಭವನದ ಬಾಗಿಲಲ್ಲಿ ಭಾನುವಾರ ಬೆಳಗ್ಗೆ ನೆರೆದಿರುವ ಜನಸ್ತೋಮವನ್ನು ಕಂಡವರು, ಒಂದು ದೋಸೆಗಾಗಿ ಇಷ್ಟು ಹೊತ್ತು ಕಾಯುವುದುಂಟೆ ಎಂದು ಬೆರಗಾಗುತ್ತಾರೆ. ಬೆರಗು ನ್ಯಾಯವಾದದ್ದೇ. ಬೆಂಗಳೂರಿನಲ್ಲಿ ದೋಸೆಗೇನು ಬರವೆ? ಬೀದಿಬೀದಿಯಲ್ಲಿಯೂ ದೊರೆಯುತ್ತದೆ, ಈಗಂತೂ ಫೋನಿನ ಮೇಲೆ ಬೆರಳಾಡಿಸಿದರೆ ಮನೆಬಾಗಿಲಿಗೇ ಬರುತ್ತದೆ. ಹಾಗಿದ್ದೂ, 1943ರಲ್ಲಿ ಸುತ್ತಮುತ್ತಲಿನ ವಿದ್ಯಾರ್ಥಿಗಳನ್ನು ನೆಚ್ಚಿಕೊಂಡು ಆರಂಭವಾದ ಈ ಫಲಾಹಾರ ಮಂದಿರದ ಮುಂದೆ ಎಂಬತ್ತು ವರ್ಷಗಳು ಕಳೆದ ಮೇಲೂ ಜನ ಹೆಸರು ಬರೆಸಿ ನಿಲ್ಲುತ್ತಾರೆ.

ರುಚಿಯೇ ಇದಕ್ಕೆ ಕಾರಣವೆನ್ನುವವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಕೆಂಪಗೆ ಗರಿಗರಿಯಾಗಿ, ಆದರೂ ಒಳಗೆ ಮೆತ್ತಗಿರುವ ಆ ದಪ್ಪ ದೋಸೆಯನ್ನು ನಿಂದಿಸುವ ಧೈರ್ಯ ನನಗಿಲ್ಲ. ಅದರ ಜೊತೆಗೆ ನೀರಾದ ಚಟ್ನಿ; ಸಾಂಬಾರು ಕೇಳಿದವನು ಹೊಸಬನೆಂದು ಅಕ್ಕಪಕ್ಕದವರಿಗೆ ಗೊತ್ತಾಗಿಬಿಡುತ್ತದೆ. ಮಾಣಿ ತಟ್ಟೆಯ ಮೇಲೆ ತಟ್ಟೆಯನ್ನು ತೋಳುದ್ದಕ್ಕೂ ಪೇರಿಸಿಕೊಂಡು ಬರುವ ಕೌಶಲವನ್ನು ನೋಡುವುದೂ ಒಂದು ಭೋಜನವೇ. ಗೋಡೆಯ ಮೇಲೆ ಕನ್ನಡ ಸಾಹಿತಿಗಳ ಚಿತ್ರಗಳಿವೆ. (ನಮ್ಮ ಕಾಲೇಜಿನ ಹುಡುಗರು ಪಠ್ಯಪುಸ್ತಕಕ್ಕಿಂತ ಇಲ್ಲಿಯೇ ಅವರನ್ನು ಹೆಚ್ಚು ಶ್ರದ್ಧೆಯಿಂದ ನೋಡುತ್ತಾರೆಂಬ ಸಂಶಯ ನನಗುಂಟು.) ಆದರೆ ರುಚಿಯೊಂದೇ ಆಗಿದ್ದರೆ ಜನ ಕಟ್ಟಿಸಿಕೊಂಡು ಮನೆಗೆ ಹೋಗುತ್ತಿದ್ದರು. ಅವರು ಒಳಗೆ ಕುಳಿತುಕೊಳ್ಳಬೇಕೆನ್ನುತ್ತಾರೆ.

ಇಂತಹ ಹಳೆಯ ಹೋಟೆಲಿನಲ್ಲಿ ಮೇಜು ಯಾರದೂ ಅಲ್ಲ. ಎಲ್ಲಿ ಒಂದು ಕುರ್ಚಿ ತೆರವಾಯಿತೋ ಅಲ್ಲಿ ಕುಳಿತುಕೊಳ್ಳಬೇಕು. ಎದುರಿಗೆ ನಿವೃತ್ತ ಗುಮಾಸ್ತರಿರಬಹುದು, ಪರೀಕ್ಷೆ ಬರೆಯಲು ಬಂದ ಹುಡುಗಿಯಿರಬಹುದು, ಆಟೋವನ್ನು ಬೀದಿಯಂಚಿನಲ್ಲಿ ನಿಲ್ಲಿಸಿ ಬಂದವರಿರಬಹುದು. ಹೆಸರು, ಊರು, ಕುಲ ಯಾವುದನ್ನೂ ವಿಚಾರಿಸದೆ ಅವರ ನೀರಿನ ಲೋಟವನ್ನು ಅತ್ತ ಸರಿಸಿಕೊಡುತ್ತೇವೆ. ಮಾತಾಡಲೇಬೇಕೆಂಬ ನಿರ್ಬಂಧವಿಲ್ಲ. ಕಾಫಿ ಮುಗಿದೊಡನೆ, ಬೆನ್ನ ಹಿಂದೆ ನಿಂತವನ ನಿಟ್ಟುಸಿರಿಗೆ ಅಂಜಿ ಎದ್ದುಬಿಡುತ್ತೇವೆ.

ಇದು ಅಲ್ಪ ವಿಷಯವೆಂದು ತೋರಬಹುದು. ಈ ನಾಡಿನಲ್ಲಿ ಅದು ಅಲ್ಪವಲ್ಲ. ಒಂದೇ ಸಾಲಿನಲ್ಲಿ ಕುಳಿತವರಿಗೆ ತುಪ್ಪ ಬಡಿಸುವಾಗ ಒಬ್ಬನಿಗೆ ಹೆಚ್ಚು ಒಬ್ಬನಿಗೆ ಕಡಮೆ ಮಾಡುವುದನ್ನು ಪಂಕ್ತಿಭೇದವೆಂದು ಕರೆದು ನಮ್ಮ ಹಿರಿಯರು ದೋಷವೆಣಿಸಿದರು. ಆ ಸಾಲಿನಲ್ಲಿ ಯಾರು ಕುಳಿತುಕೊಳ್ಳಬಹುದೆಂಬ ಪ್ರಶ್ನೆಯನ್ನು ಮಾತ್ರ ಕೇಳಿಕೊಳ್ಳಲಿಲ್ಲ. ಇಂದು ನಾವು ಎಂ.ಟಿ.ಆರ್. ಎಂದು ಅಕ್ಕರೆಯಿಂದ ಕರೆಯುವ ಮಾವಳ್ಳಿ ಟಿಫಿನ್ ರೂಮ್ಸ್ 1924ರಲ್ಲಿ ಆರಂಭವಾದದ್ದು ಬ್ರಾಹ್ಮಣ ಕಾಫಿ ಕ್ಲಬ್ ಎಂಬ ಹೆಸರಿನಿಂದ. ಆ ಕಾಲಕ್ಕೆ ಅದೇನೂ ವಿಚಿತ್ರವಾದ ಹೆಸರಲ್ಲ. ಬ್ರಾಹ್ಮಣರಿಗೆ ಬೇರೆ ಕೊಠಡಿಯಿಟ್ಟಿದ್ದ ಹೋಟೆಲುಗಳು ದಕ್ಷಿಣದ ಊರುಗಳಲ್ಲಿ ಹಲವಾಗಿದ್ದುವು; ದಲಿತರಿಗೆ ಹೊಸಿಲು ದಾಟುವ ಅವಕಾಶವೇ ಎಷ್ಟೋ ಕಡೆ ಇರಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ ಹದಿನೈದನೆಯ ವಿಧಿ ಅಂಗಡಿ, ಬಾವಿ, ಕೆರೆಗಳೊಡನೆ ಹೋಟೆಲನ್ನೂ ಹೆಸರಿಸಬೇಕಾಯಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬಾಗಿಲಲ್ಲಿ ತಡೆಯುವುದನ್ನು ಶಿಕ್ಷಾರ್ಹ ಅಪರಾಧವನ್ನಾಗಿ ಮಾಡಿತು. ಇಷ್ಟಾದರೂ ಹಳ್ಳಿಯ ಹೋಟೆಲೊಂದರಲ್ಲಿ ಬೇರೆ ಲೋಟ ಇಟ್ಟಿದ್ದರೆಂಬ ವರ್ತಮಾನವನ್ನು ನಾವು ಪತ್ರಿಕೆಯಲ್ಲಿ ಈಗಲೂ ಓದುತ್ತೇವೆ.

ಆದುದರಿಂದ ಹಳೆಯ ಹೋಟೆಲನ್ನು ಹೊಗಳುವಾಗ "ಆ ಕಾಲವೇ ಚೆನ್ನಾಗಿತ್ತು" ಎಂದು ರಾಗವೆಳೆಯುವವರೊಡನೆ ನಾನು ದನಿಗೂಡಿಸಲಾರೆ. ಅಡಿಗೆ ಆ ಕಾಲದ್ದಿರಬಹುದು. ನಾವು ಮೆಚ್ಚುವ ಮೇಜು ಅನಂತರ ದೊರಕಿದ್ದು, ಹಲವರು ಹೋರಾಡಿ ದೊರಕಿಸಿಕೊಂಡದ್ದು.

1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದ ಮೇಲೆ ನಿಂತು ತಿನ್ನುವ ಪದ್ಧತಿ ಊರೆಲ್ಲ ಹಬ್ಬಿತು. ಅದನ್ನು ಜರಿಯುವುದು ತರವಲ್ಲ. ಅವಸರದಲ್ಲಿರುವ ದುಡಿಯುವ ಜನಕ್ಕೆ ಕಡಮೆ ಬೆಲೆಗೆ ಬಿಸಿ ತಿಂಡಿಯನ್ನು ಅದು ಒದಗಿಸಿತು. ನನ್ನ ಆಕ್ಷೇಪಣೆ ಬೇರೊಂದು ಏರ್ಪಾಡಿನ ಮೇಲೆ. ಈಚೆಗೆ ಹಲವು ಹೋಟೆಲುಗಳಲ್ಲಿ ಮಹಡಿಯ ಮೇಲೆ ಹವಾನಿಯಂತ್ರಿತ ಕೊಠಡಿ. ಕೆಳಗಿನ ಒಲೆಯ ಅದೇ ದೋಸೆಗೆ ಮೇಲೆ ಬೇರೆ ಬೆಲೆ. ಸೆಖೆಯಿಂದ ತಪ್ಪಿಸಿಕೊಳ್ಳಲೆಂದೇ ಮೆಟ್ಟಿಲು ಹತ್ತುವವರು ಕೆಲವರಿರಬಹುದು. ಉಳಿದವರು ಆ ಹೆಚ್ಚಿನ ಹಣವನ್ನು ತೆರುವುದು, ಎದುರಿಗೆ ಯಾರೂ ಬಂದು ಕೂಡದಿರಲೆಂದು. ಇನ್ನು ತಿಂಡಿಯನ್ನು ಮನೆಗೇ ತಂದುಕೊಡುವ ಹುಡುಗನಿಗೆ ಕೆಲವು ವಸತಿ ಸಮುಚ್ಚಯಗಳಲ್ಲಿ ಬೇರೆ ಲಿಫ್ಟನ್ನೇ ಗೊತ್ತುಮಾಡಿದ್ದಾರಂತೆ. ಜಾತಿ ಕೇಳುವ ಸಂಕೋಚವಿಲ್ಲದೆ ಪಂಕ್ತಿಭೇದವನ್ನು ನಡೆಸಲು ಇದಕ್ಕಿಂತ ಸುಲಭವಾದ ಉಪಾಯವಿದೆಯೆ?

ಹಳೆಯ ಹೋಟೆಲಿನ ಮಾಲೀಕರಲ್ಲಿ ಯಾರಾದರೂ ಜನದಟ್ಟಣೆಯನ್ನು ಕಂಡು ಮಹಡಿಗೆ ಮೆಟ್ಟಿಲು ಕಟ್ಟಿಸುವ ಯೋಚನೆಯಲ್ಲಿದ್ದರೆ, ಆ ಹಣದಲ್ಲಿ ಬಾಗಿಲ ಹೊರಗೆ ಎರಡು ಬೆಂಚು ಹಾಕಿಸಲಿ. ನಾವು ಕಾಯುತ್ತೇವೆ.