ಒಬ್ಬರ ತಲೆಗೆ ಎಂಟೂವರೆ ಕೋಟಿ

ಕಂಪ್ಯೂಟರ್ ಆಟದ ದಾವೆಯೊಂದು ಗಿರಣಿಯ ಪಾಳಿ ಮುಗಿಸಿ ಬಂದವರಿಗೂ ಅಂಗಡಿಯ ಕಿರ್ದಿ ಬರೆಯುವವರಿಗೂ ಏತಕ್ಕೆ ಎಂದು ವಾಚಕರು ಕೇಳಬಹುದು. ದಾವೆಯಲ್ಲಿ ಒಂಟಿಯಾಗಿ ಸಿಕ್ಕಿಕೊಂಡವರ ಗತಿ ಏನೆಂಬುದು ಎಲ್ಲರಿಗೂ ಸಂಬಂಧಿಸಿದ್ದು.

ಅಮೆರಿಕದ ಬ್ಲಿಝಾರ್ಡ್ ಕಂಪನಿಯು 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆಟವನ್ನು ತಿಂಗಳ ಚಂದಾ ಪಡೆದು ಆಡಿಸುತ್ತದೆ. ಆಡುವವರು ಇಂಟರ್‌ನೆಟ್ ಮೂಲಕ ಕಂಪನಿಯ ಸರ್ವರಿಗೆ ಸೇರಬೇಕು. ಬೇರೆ ಯಾರಾದರೂ ಅಂಥದೇ ಸರ್ವರ್ ಇಟ್ಟು, ಕಂಪನಿಯ ಬೀಗ ತಪ್ಪಿಸಿ ಜನರನ್ನು ಆಡಿಸಿದರೆ ಅದು ಖಾಸಗಿ ಸರ್ವರ್. 'ಸ್ಕೇಪ್‌ಗೇಮಿಂಗ್' ಎಂಬ ಹೆಸರಿನಲ್ಲಿ ಅದನ್ನು ನಡೆಸಿದ ಒಬ್ಬ ಮಹಿಳೆಯ ಮೇಲೆ ಕಂಪನಿಯು 2009ರಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿತು. ಆಕೆ ಹಾಜರಾಗಲಿಲ್ಲ. 2010ರ ಆಗಸ್ಟಿನಲ್ಲಿ ಎಕ್ಸ್‌ಪಾರ್ಟಿ ಡಿಕ್ರಿಯಾಯಿತು. ಮೊಬಲಗು 8,85,94,539 ಡಾಲರು!

ಈ ಲೆಕ್ಕವನ್ನು ಬಿಡಿಸಿ ನೋಡೋಣ. 30,52,339 ಡಾಲರು ಆಕೆಗೆ ಬಂದ ಆದಾಯ. ಆಟದೊಳಗಿನ ಸಾಮಾನುಗಳಿಗೆಂದು ಜನರು ಕೊಟ್ಟ ಹಣವಿದು. ಪೇಪಾಲ್ ಖಾತೆಯ ದಾಖಲೆ ಇದಕ್ಕೆ ಆಧಾರ. ಇತರರ ದುಡಿಮೆಯನ್ನು ಮಾರಿ ಗಳಿಸಿದ್ದನ್ನು ಕಕ್ಕಿಸಿದರೆ ನಮ್ಮ ತಕರಾರೇನೂ ಇಲ್ಲ. ವಕೀಲರ ಖರ್ಚು 63,600, ಅದೂ ಇರಲಿ. ಉಳಿದ 8,54,78,600 ಎಲ್ಲಿಂದ ಬಂತು? ಆ ಸರ್ವರಿನ ಸದಸ್ಯರು 4,27,393. ಅವರನ್ನು 200ರಿಂದ ಗುಣಿಸಿದರು, ಅಷ್ಟೆ. ಬೀಗ ತಪ್ಪಿಸಿದ ಪ್ರತಿ ಕೃತ್ಯಕ್ಕೆ ಕನಿಷ್ಠ 200 ಡಾಲರು ಎಂದು ಅಲ್ಲಿನ 1998ರ ಕಾಯಿದೆ ಹೇಳುತ್ತದೆ. ಆ ನಾಲ್ಕು ಲಕ್ಷ ಜನರಲ್ಲಿ ಎಷ್ಟು ಮಂದಿ ಕಂಪನಿಗೆ ಚಂದಾ ಕಟ್ಟುತ್ತಿದ್ದರು, ಅದಕ್ಕೆ ನಿಜವಾಗಿ ಆದ ನಷ್ಟವೆಷ್ಟು ಎಂಬುದನ್ನು ವಾದಿಯು ರುಜುವಾತು ಮಾಡಬೇಕಾಗಿಯೇ ಇಲ್ಲ.

ವೈಯಕ್ತಿಕ ಹೊಣೆಯ ರುಜುವಾತೂ ಹೀಗೆಯೇ. ಎದುರಾಳಿ ಬಂದು ವಾದಿಸಿದ್ದರೆ, ಸರ್ವರ್ ನಡೆಸಿದ ಕೈ ಯಾವುದು, ಹಣ ಯಾರಿಗೆ ಸೇರಿತು, ಜೊತೆಗೆ ಯಾರಿದ್ದರು ಎಂದು ಕಂಪನಿಯು ಸಾಕ್ಷ್ಯದಿಂದ ತೋರಿಸಬೇಕಿತ್ತು. ಬಾರದಿದ್ದರೆ ಫಿರ್ಯಾದಿನಲ್ಲಿ ಬರೆದದ್ದೇ ಒಪ್ಪಿತವಾದ ಸಂಗತಿ. ಹಾಜರಾಗದ್ದು ಆಕೆಯ ತಪ್ಪೇ. ಆದರೆ ಬಲಾಢ್ಯ ಕಂಪನಿಯ ವಕೀಲರೆದುರು ನಿಲ್ಲಲು ಎಷ್ಟು ಖರ್ಚಾಗುತ್ತದೆಂಬುದನ್ನು ಕೋರ್ಟಿನ ಮೆಟ್ಟಿಲು ಹತ್ತಿದ ನಮ್ಮ ವ್ಯಾಪಾರಸ್ಥರಿಗೆ ಹೇಳಬೇಕೆ?

ಇನ್ನೊಂದು ಲೆಕ್ಕವನ್ನೂ ಇದರ ಪಕ್ಕದಲ್ಲಿಡಬೇಕು. ಮಹಿಳಾ ನೌಕರರಿಗೆ ವೇತನ, ಬಡ್ತಿಗಳಲ್ಲಿ ತಾರತಮ್ಯವಾಗಿದೆಯೆಂದು ಕ್ಯಾಲಿಫೋರ್ನಿಯಾ ಸರ್ಕಾರವೇ 2021ರಲ್ಲಿ ಆಕ್ಟಿವಿಷನ್ ಬ್ಲಿಝಾರ್ಡ್ ಕಂಪನಿಯ ಮೇಲೆ ದಾವೆ ಹೂಡಿತ್ತು. 2023ರ ಡಿಸೆಂಬರಿನಲ್ಲಿ ಅದು ಸುಮಾರು 5.4 ಕೋಟಿ ಡಾಲರಿಗೆ ರಾಜಿಯಾಯಿತು, ತಪ್ಪೊಪ್ಪಿಗೆ ಇಲ್ಲದೆ. ಸಾವಿರಾರು ದುಡಿಯುವವರ ಕಂಪನಿಗೆ ಐದೂವರೆ ಕೋಟಿಗೂ ಕಡಮೆ. ಒಂಟಿ ಹೆಂಗಸಿಗೆ ಎಂಟೂವರೆ ಕೋಟಿಗೂ ಹೆಚ್ಚು.

ನ್ಯಾಯಾಧೀಶರು ಕಾನೂನು ಮೀರಿದರೆಂದು ನಾವು ದೂರುವುದಿಲ್ಲ. ದೂರು ಕಾನೂನಿನ ಮೇಲೆಯೇ. ಪ್ರತಿವಾದಿ ಒಬ್ಬ ವ್ಯಕ್ತಿಯಾಗಿದ್ದಾಗ, ಆತ ಗೈರುಹಾಜರಾದರೂ ಸರಿಯೆ, ಗಳಿಸಿದ್ದಕ್ಕಿಂತ ಹೆಚ್ಚು ಕೇಳುವ ವಾದಿಯು ಆ ಹೆಚ್ಚಿನ ಪ್ರತಿ ಡಾಲರಿಗೂ ನಷ್ಟದ ಪುರಾವೆ ತಂದಿಡಬೇಕು. ಅಮೆರಿಕದ ಶಾಸನಸಭೆಯು 1998ರ ಕಾಯಿದೆಯನ್ನು ಆ ಮಟ್ಟಿಗಾದರೂ ತಿದ್ದಬೇಕು.